ಚಪ್ಪಲಿ ಮೆಟ್ಟಿದ ಮಂಚ

ಕೊಟ್ಟೂರಿನಲ್ಲಿ ಕೆಟ್ಟ ಮಿಕ್ಸಿ ರಿಪೇರಿ ಮಾಡುವವರು ಆರು ಜನ ಇದ್ದಾರೆ. ಮಿಕ್ಸಿ ಕೆಟ್ಟಿದೆಯೋ ಇಲ್ಲವೋ ಎಂದು ನೋಡುವ ಯಂತ್ರವೇ ಕೆಟ್ಟರೆ, ಅದನ್ನು ರಿಪೇರಿ ಮಾಡುವವನು ನಾನೊಬ್ಬನೇ. ಈ ವ್ಯತ್ಯಾಸಕ್ಕೆ ನನ್ನ ಹೆಂಡತಿ ಭಾಗ್ಯ ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಮರ್ಯಾದೆ ಕೊಟ್ಟಿಲ್ಲ.

"ಮಿಕ್ಸಿ ಮುಟ್ಟಂಗಿಲ್ಲಂತ ನಮ್ಮನಿಯವ್ರು," ಎಂದು ಅವಳು ಗೋಡೆಯಾಚೆಯ ಪುಷ್ಪಲತಾಗೆ ಹೇಳುತ್ತಿರುತ್ತಾಳೆ. "ಮಿಕ್ಸಿ ನೋಡೋ ಡಬ್ಬಿ ಕೆಟ್ಟಿದ್ರ ಮಾತ್ರ ಬಿಚ್ತಾರಂತ. ನಾ ಇಲ್ಲಿ ಒಳಕಲ್ಲಾಗ ರುಬ್ಬಿ ರುಬ್ಬಿ ರಟ್ಟಿ ಬಿದ್ದು ಹೋಗ್ಯಾವ."

ನಾನು ಉತ್ತರ ಕೊಡುವುದಿಲ್ಲ. ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿರುವವನು ನಾನು. ದಿನವಿಡೀ ಗದ್ದಲ ಕೇಳಿ ಮನೆಗೆ ಬರುತ್ತೇನೆ. ಹಿತ್ತಲಿನ ಕೋಣೆಯ ಬಾಗಿಲು ಹಾಕಿಕೊಂಡು ಹಳೆಯ ವೋಲ್ಟ್ ಮೀಟರನ್ನೋ ಇನ್ನೊಂದನ್ನೋ ಬಿಚ್ಚಿ ಕುಳಿತರೆ ಎರಡು ಗಂಟೆ ಯಾರೂ ಮಾತಾಡುವುದಿಲ್ಲ. ನನಗೆ ಬೇಕಾದದ್ದು ಅಷ್ಟೇ. ಕಥೆ ಮುಗಿಯುವ ಹೊತ್ತಿಗೆ ಅದು ನನಗೆ ಸಿಕ್ಕಿತು ಕೂಡ. ಹೇಗೆ ಸಿಕ್ಕಿತೆಂದು ಕೇಳಿ.

ಕಳೆದ ವರ್ಷ ಗುಜರಿ ಅಂಗಡಿಯ ಮುರ್ತುಜಾಸಾಬರ ಬಳಿ ಒಂದು ಆಸಿಲೋಸ್ಕೋಪ್ ಕಂಡೆ. ತಂತಿಯಲ್ಲಿ ಕರೆಂಟು ಹೇಗೆ ಏರಿಳಿಯುತ್ತದೆ ಎಂಬುದನ್ನು ಸಣ್ಣ ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಯಂತ್ರ ಅದು. ಸಾಬರು ಅದನ್ನು ಹರಿದ ಟೈರಿನ ಮೇಲೆ ಇಟ್ಟಿದ್ದರು.

"ಸರ್, ಈ ಟಿವಿದಾಗ ಯಾವ ಚಾನೆಲ್ಲೂ ಬರಂಗಿಲ್ಲ, ಮೊದ್ಲ ಹೇಳ್ತೀನಿ," ಎಂದರು. "ಆಮ್ಯಾಲೆ ಬಂದು ನನ್ ಕೂಡ ಜಗಳ ತೆಗೀಬ್ಯಾಡ್ರಿ."

ಟಿವಿ ಅಲ್ಲ ಎಂದು ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದೆ. ಸಾಬರು ಅದನ್ನು ತಗಡಿನ ತೂಕದಲ್ಲಿ ತೂಗಿ ಕೊಟ್ಟರು.

ಅದನ್ನು ಇಡಲು ಜಾಗ ಬೇಕಾಗಿತ್ತು. ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಮರುಳಪ್ಪ ತನ್ನ ಮನೆಯ ಕಬ್ಬಿಣದ ಮಂಚವನ್ನು ಹೊರಗೆ ಹಾಕುತ್ತಿದ್ದ. ಅವನ ಅಪ್ಪ ಕರಿಸಿದ್ದಪ್ಪನವರು ಆ ಮಂಚದ ಮೇಲೆಯೇ ತೀರಿಕೊಂಡಿದ್ದರು. ತೀರಿಕೊಂಡವರ ಮಂಚವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಹಿರಿಯರು ಹೇಳಿದ್ದರು. ಪಕ್ಕದ ಮನೆಯಲ್ಲಿ ಇಡಬಾರದೆಂದು ಯಾರೂ ಹೇಳಿರಲಿಲ್ಲ.

"ನೀವು ಹೆಂಗೂ ಬ್ಯಾಡಾಗಿದ್ದೆಲ್ಲ ಇಟ್ಕಂತೀರಲ್ರಿ ಬೀರಲಿಂಗೇಶ್ ಸರ್," ಎಂದು ಮರುಳಪ್ಪ ಗೌರವದಿಂದಲೇ ಹೇಳಿ ಮಂಚವನ್ನು ನನ್ನ ಕೋಣೆಗೆ ಸಾಗಿಸಿದ. ನೆಲ ಗೀಚದಿರಲೆಂದು ಅದರ ನಾಲ್ಕು ಕಾಲಿಗೂ ದಪ್ಪ ರಬ್ಬರಿನ ಬುಡ ಹಾಕಿಸಿದ್ದರು ಕರಿಸಿದ್ದಪ್ಪನವರು. ಅಚ್ಚುಕಟ್ಟಿನ ಮನುಷ್ಯ. ನಾನು ಮಂಚದ ಮೇಲೊಂದು ಪ್ಲೈವುಡ್ ಹಲಗೆ ಹಾಸಿ, ಅದರ ಮೇಲೆ ಯಂತ್ರ ಇಟ್ಟು ಕೆಲಸ ಶುರು ಮಾಡಿದೆ.

ಎಂಟು ತಿಂಗಳು ಹಿಡಿಯಿತು. ಮೊದಲ ಸಲ ಕರೆಂಟು ಕೊಟ್ಟಾಗ ಒಳಗಿನ ಕೆಪಾಸಿಟರ್ ಪಟಾಕಿಯಂತೆ ಸಿಡಿದು ಪುಷ್ಪಲತಾ ಒಲೆಯ ಮೇಲಿನ ಹಾಲು ಉಕ್ಕಿಸಿದಳು. ಎರಡನೆಯ ಸಲ ಇಡೀ ಓಣಿಯ ಫ್ಯೂಜು ಹೋಯಿತು. ಅಂದು ಭಾಗ್ಯ ಅಂತಿಮ ಆದೇಶ ಹೊರಡಿಸಿದಳು.

"ಈ ಡಬ್ಬಿಯಿಂದ ಇನ್ನೊಂದ್ ಸಲ ಮನಿ ಮುಂದ ಮಂದಿ ಸೇರಿದ್ರ, ಅವತ್ತೇ ಮುರ್ತುಜಾಸಾಬ್ರ ಗಾಡಿ ಕರೆಸ್ತೀನಿ. ನೀವೂ ಜೊತಿಗೆ ಹೋಗೋದಾದ್ರ ಹೋಗ್ರಿ, ನಿಮ್ಮನ್ನೂ ತೂಕಕ್ಕ ಹಾಕ್ತೀನಿ."

ಮೂರನೆಯ ಸಲ, ಒಂದು ಭಾನುವಾರ ಬೆಳಗ್ಗೆ, ಹಸಿರು ಗೆರೆ ಬಂತು. ಯಂತ್ರದ ತಂತಿಯ ತುದಿಗೆ ಪೆನ್ನಿನಂಥ ಒಂದು ಮೊನೆ ಇರುತ್ತದೆ. ಅದನ್ನು ಬೆರಳಿನಿಂದ ಮುಟ್ಟಿದೆ. ಗೆರೆ ಅಲೆಯಾಗಿ ಎದ್ದಿತು. ಯಂತ್ರ ಬದುಕಿತ್ತು. ಕೂಗಬೇಕೆನ್ನಿಸಿತು. ಕೂಗುವುದು ನನ್ನ ಸ್ವಭಾವವಲ್ಲವಾದ್ದರಿಂದ ಕನ್ನಡಕ ಒರೆಸಿಕೊಂಡೆ.

ಆಗ ಮರುಳಪ್ಪ ಏಣಿ ಕೇಳಲು ಬಂದ. ರಬ್ಬರ್ ಚಪ್ಪಲಿಯಲ್ಲೇ ಒಳಗೆ ಬಂದು, ಪರದೆ ನೋಡಿ, ತಾನೂ ಆ ಮೊನೆ ಮುಟ್ಟಿದ. ಅಲೆ ನನ್ನದಕ್ಕಿಂತ ಎತ್ತರ ಎದ್ದಿತು.

"ಇದು ದಾವಣಗೆರಿ ದವಾಖಾನಿದಾಗ ಅಪ್ಪನ ತಲಿ ಹತ್ರ ಇಟ್ಟಿದ್ರಲ್ರಿ, ಹಾರ್ಟ್ ನೋಡೋ ಮಷೀನು!" ಎಂದ. "ನಂದು ಭಾಳ ಜೋರೈತಲ್ರಿ ಸರ್. ಜೋರಿದ್ರ ಚಲೋ ಏನ್ರಿ?"

ಇದು ಅದಲ್ಲ ಎಂದು ಹೇಳಬಹುದಿತ್ತು. ಆದರೆ ಎಂಟು ತಿಂಗಳಲ್ಲಿ ನನ್ನ ಕೆಲಸವನ್ನು ಬೆರಗಿನಿಂದ ನೋಡಿದ ಮೊದಲ ಮನುಷ್ಯ ಅವನು. ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ಒಪ್ಪಿದಂತೆ ಎಂದು ಹಿರಿಯರು ಬರೆದಿಟ್ಟದ್ದು ನನ್ನಂಥವರನ್ನು ಹಾಳು ಮಾಡಲೆಂದೇ.

ಏಣಿಯನ್ನು ಇಲ್ಲೇ ಮರೆತು ಮರುಳಪ್ಪ ಹೊರಟುಹೋದ. ಅವನದು ಬಸ್ ನಿಲ್ದಾಣದ ಹತ್ತಿರ ಜನರಲ್ ಸ್ಟೋರ್. ಸೋಪಿನಿಂದ ಹಿಡಿದು ರಬ್ಬರ್ ಚಪ್ಪಲಿಯವರೆಗೆ ಎಲ್ಲ ಸಿಗುತ್ತದೆ, ಸುದ್ದಿ ಉಚಿತ.

ಮರುದಿನ ಸಂಜೆ ಕಾಲೇಜಿನಿಂದ ಬರುವ ಹೊತ್ತಿಗೆ ಹಿತ್ತಲಲ್ಲಿ ಹನ್ನೊಂದು ಜನ ನಿಂತಿದ್ದರು. ಭಾಗ್ಯ ಆಗತಾನೇ ಕೋಣೆಯ ನೆಲ ಒರೆಸಿ, ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಚಪ್ಪಲಿ ಹೊರಗ ಬಿಟ್ಟು ಬರ್ರಿ! ಒದ್ದಿ ನೆಲ ಐತಿ!"

ಇದು ಹಾರ್ಟ್ ಮಷೀನಲ್ಲ ಎಂದು ನಾನು ಮೂರು ಸಲ ಹೇಳಿದೆ. ಅಪರೂಪಕ್ಕೆ ಮಾತಾಡುವವನ ಮಾತನ್ನು ಯಾರೂ ನಂಬುವುದಿಲ್ಲ, ಅಭ್ಯಾಸವಿರುವುದಿಲ್ಲ ನೋಡಿ. ಮೊದಲು ಬಂದವರು ಮರುಳಪ್ಪನ ತಾಯಿ ಉಚ್ಚಂಗೆಮ್ಮ. ಎಪ್ಪತ್ತೆಂಟರ ಗಟ್ಟಿ ಹೆಂಗಸು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಸೆರಗಿನಲ್ಲಿ ಬೆರಳು ಒರೆಸಿ, ದೇವರ ಆರತಿ ತೆಗೆದುಕೊಳ್ಳುವಂತೆ ಮೊನೆ ಮುಟ್ಟಿದರು.

ಗೆರೆ ನೆಟ್ಟಗೆ ಮಲಗಿತು.

ಹಿತ್ತಲು ಒಂದು ಕ್ಷಣ ನಿಶ್ಶಬ್ದವಾಯಿತು. ಅಷ್ಟು ಒಳ್ಳೆಯ ನಿಶ್ಶಬ್ದವನ್ನು ನಾನು ಆನಂದಿಸುವ ಸ್ಥಿತಿಯಲ್ಲಿರಲಿಲ್ಲ.

"ಅವ್ವಗ ಹಾರ್ಟೇ ಇಲ್ಲ!" ಎಂದು ಮರುಳಪ್ಪ ಎದೆ ಬಡಿದುಕೊಂಡ.

"ಇಲ್ದಾಂಗ ಇದ್ದಿದ್ರ ನಿನ್ನಂಥವನ್ನ ಹ್ಯಾಂಗ ಸಾಕಿದ್ನೋ ಮೂಳ?" ಎಂದರು ಉಚ್ಚಂಗೆಮ್ಮ.

"ನಮ್ಮತ್ತಿಗ ಅದು ಇಲ್ಲಂತ ನಾ ಇಪ್ಪತ್ ವರ್ಷದಿಂದ ಹೇಳಾಕತ್ತೀನಿ," ಎಂದಳು ಸೊಸೆ ಪುಷ್ಪಲತಾ ಶಾಂತವಾಗಿ. "ಮಷೀನು ಹೇಳಿದ್ರನ ನಂಬ್ತೀರಿ."

ಅಷ್ಟರಲ್ಲಿ ಯಾರೋ ಹರಪನಹಳ್ಳಿಯ ನೆಂಟರಿಗೆ ಫೋನು ಹಚ್ಚಿ ಅಳಲು ಶುರು ಮಾಡಿದ್ದರು. ನಾನು ಕೈ ಎತ್ತಿ, ಜೀವಮಾನದ ಅತಿ ಉದ್ದದ ಭಾಷಣ ಮಾಡಿದೆ. ಗೋಡೆಯ ವೈರುಗಳಲ್ಲಿ ಕರೆಂಟು ಹರಿಯುತ್ತಿರುತ್ತದೆ. ಅದರ ಸೋಂಕು ನಮ್ಮ ಮೈಗೆ ತಾಗುತ್ತದೆ. ಯಂತ್ರ ತೋರಿಸುವುದು ಆ ಸೋಂಕನ್ನು, ಹೃದಯವನ್ನಲ್ಲ. ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದರೆ ಅದು ಮೈಯಲ್ಲೇ ಉಳಿಯುತ್ತದೆ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತರೆ ಕಾಲಿನಿಂದ ಭೂಮಿಗೆ ಇಳಿದು ಹೋಗುತ್ತದೆ. ಬೇಕಾದರೆ ಅಮ್ಮ ಚಪ್ಪಲಿ ಹಾಕಿಕೊಂಡು ನೋಡಲಿ.

ಉಚ್ಚಂಗೆಮ್ಮ ಮಗನ ಚಪ್ಪಲಿ ಮೆಟ್ಟಿ ಮತ್ತೆ ಮುಟ್ಟಿದರು. ಅಲೆ ಜಿಗಿದು ನಿಂತಿತು. ಜನ ಚಪ್ಪಾಳೆ ತಟ್ಟಿದರು.

"ನೋಡಿದ್ರಾ?" ಎಂದೆ ನಾನು, ಗೆದ್ದವನಂತೆ.

"ನೋಡಿದ್ವಿ," ಎಂದ ಮರುಳಪ್ಪ, ಕಣ್ಣರಳಿಸಿ. "ಅಂದ್ರ ಮನುಷ್ಯಾನ ಜೀವ ಅಂಗಾಲಾಗಿಂದ ಇಳದ್ ಹೋಗ್ತೈತಿ!"

ನಾನು ಪಾಠ ಹೇಳುವ ಕೆಲಸಕ್ಕೆ ಸೇರದೆ ಸಹಾಯಕನಾಗಿ ಉಳಿದದ್ದು ಸರಿಯೆಂದು ಅಂದು ಖಾತ್ರಿಯಾಯಿತು.

ಮೂರೇ ದಿನದಲ್ಲಿ ನಮ್ಮ ಓಣಿಯ ನಡೆ ಬದಲಾಯಿತು. ಜನ ಅಡುಗೆಮನೆಯಲ್ಲಿ ಚಪ್ಪಲಿ ಹಾಕಿಕೊಂಡರು. ಊಟಕ್ಕೆ ಕುಳಿತಾಗ ಹಾಕಿಕೊಂಡರು. ಪುಷ್ಪಲತಾ ಹೇಳಿದ ಪ್ರಕಾರ ಅವಳ ಗಂಡ ಹಾಸಿಗೆಯಲ್ಲೂ ತೆಗೆಯುತ್ತಿರಲಿಲ್ಲ. ಉಚ್ಚಂಗೆಮ್ಮ ಕೆಂಪು ಪಟ್ಟಿಯ ಚಪ್ಪಲಿ ಮೆಟ್ಟಿಕೊಂಡೇ ಗುಡಿಯ ಮೆಟ್ಟಿಲು ಹತ್ತಲು ಹೋಗಿ, ತಡೆದ ಪೂಜಾರಿಗೆ, "ನನ್ ಜೀವ ಇಳದ್ ಹೋದ್ರ ನಿನ್ನ ಮಂಗಳಾರತಿ ತಟ್ಟಿಗೆ ರೊಕ್ಕ ಹಾಕೋರ್ಯಾರು?" ಎಂದು ಕೇಳಿದರಂತೆ. ಯಾರು ಹೇಳಿದ್ದು ಎಂದು ಪೂಜಾರಿ ಕೇಳಿದ್ದಕ್ಕೆ "ಬೀರಣ್ಣ ಡಾಕ್ಟ್ರು" ಎಂದರಂತೆ. ಮರುಳಪ್ಪನ ಅಂಗಡಿಯಲ್ಲಿ ರಬ್ಬರ್ ಚಪ್ಪಲಿ ಮುಗಿದು, ಅವನು ಹಗರಿಬೊಮ್ಮನಹಳ್ಳಿಯಿಂದ ಎರಡು ಚೀಲ ತರಿಸಿದ.

ಭಾಗ್ಯ ಇದಾವುದಕ್ಕೂ ಸೇರಲಿಲ್ಲ. ಮುರ್ತುಜಾಸಾಬರ ನಂಬರನ್ನು ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಟ್ಟಳು.

ಗುರುವಾರ ಸಂಜೆ ಆರೋಗ್ಯ ನಿರೀಕ್ಷಕ ಗಂಗಾಧರ್ ಬಂದರು. ಕಂಕುಳಲ್ಲಿ ಫೈಲು, ಬೆನ್ನ ಹಿಂದೆ ಇಡೀ ಓಣಿ. ಅಧಿಕಾರಿ ಬರುವ ಸುದ್ದಿ ತಿಳಿದು ಭಾಗ್ಯ ಕೋಣೆಯ ನೆಲವನ್ನು ಮತ್ತೆ ಒರೆಸಿದ್ದಳು.

"ಪರವಾನಗಿ ಇಲ್ದ ಹೃದಯ ತಪಾಸಣೆ ಮಾಡಾಕತ್ತೀರಂತ ದೂರು ಬಂದೈತಿ," ಎಂದರು ಗಂಗಾಧರ್. "ಚಪ್ಪಲಿ ಚಿಕಿತ್ಸಾನೂ ಕೊಡ್ತೀರಂತ."

"ನಾನು ಚಿಕಿತ್ಸೆ ಕೊಡಲ್ರಿ ಸರ್. ಇದು ಅಳೆಯೋ ಯಂತ್ರ."

"ಏನು ಅಳಿತೈತಿ?"

"ಏನು ಕೊಟ್ರೂ ಅಳಿತೈತಿ."

"ಮನುಷ್ಯಾನ ಕೊಟ್ರ?"

ನಾನು ಸತ್ಯ ಹೇಳುವ ದುರಭ್ಯಾಸದವನು. "ಅಲೆ ಬರ್ತೈತ್ರಿ," ಎಂದೆ.

"ಬರಕಂಡೆ," ಎಂದು ಅವರು ಬರೆದುಕೊಂಡರು. "ಸತ್ತ ಮನುಷ್ಯಾನ ಕೊಟ್ರ?"

"ಚಪ್ಪಲಿ ಹಾಕಿದ್ರೆ ಬರ್ತೈತಿ."

ಗಂಗಾಧರ್ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಹಿಂದಿನಿಂದ ಭಾಗ್ಯ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

"ಮಷೀನು ಜಪ್ತಿ ಮಾಡ್ತೀನಿ," ಎಂದರು ಅವರು. "ಸಾಕ್ಷಿಗೆ ಇಬ್ರು ಸಹಿ ಹಾಕ್ರಿ." ಸಾಕ್ಷಿ ಹಾಕಲು ಒಂಬತ್ತು ಜನ ಮುಂದೆ ಬಂದರು.

ಎಂಟು ತಿಂಗಳ ಕೆಲಸ. ಮೂರು ಸುಟ್ಟ ಬೆರಳು. ಯಂತ್ರವನ್ನು ತಾಲ್ಲೂಕು ಕಚೇರಿಯ ಯಾವುದೋ ಮೂಲೆಗೆ ಎಸೆದು ಮೇಲೆ ಫಿನಾಯಿಲ್ ಡಬ್ಬಿ ಪೇರಿಸುವುದು ಕಣ್ಣಿಗೆ ಕಟ್ಟಿತು. "ಒಂದ್ ನಿಮಿಷ ಸರ್," ಎಂದೆ. "ಜೀವ ಇಲ್ಲದ ವಸ್ತುವಿಗೂ ಇದರಲ್ಲಿ ಅಲೆ ಬಂದರೆ, ಇದು ಹಾರ್ಟ್ ಮಷೀನಲ್ಲ ಅಂತ ಒಪ್ಪುತ್ತೀರಾ?"

ಅವರು ಯೋಚಿಸಿ, "ಒಪ್ತೀನಿ," ಎಂದರು.

"ಜೀವ ಇಲ್ದಿದ್ದು ಬೇಕೇನ್ರಿ?" ಎಂದು ಭಾಗ್ಯ ಒಳಗೆ ಹೋಗಿ ಮಿಕ್ಸಿ ತಂದು ನನ್ನ ಮುಂದೆ ಕುಕ್ಕಿದಳು. "ತಗೋರಿ. ಸತ್ತು ಎರಡು ವರ್ಷ ಆತು."

ಬೇಡವೆನ್ನುವಷ್ಟರಲ್ಲಿ ಗಂಗಾಧರ್ ತಾವೇ ಮೊನೆಯನ್ನು ಮಿಕ್ಸಿಯ ಪ್ಲಾಸ್ಟಿಕ್ ಮೈಗೆ ಒತ್ತಿದರು. ಪ್ಲಾಸ್ಟಿಕ್ಕಿನಿಂದ ಏನು ಬರುತ್ತದೆ? ಗೆರೆ ಅಲುಗಾಡಲಿಲ್ಲ.

"ಬರೋಬ್ಬರಿ ಐತ್ರಿ ಮಷೀನು!" ಎಂದು ಮರುಳಪ್ಪ ಹೆಮ್ಮೆಯಿಂದ ಕೂಗಿದ. "ಸತ್ತಿದ್ದಕ್ಕ ಸತ್ತೈತಿ ಅಂತನ ತೋರಿಸ್ತು!"

ಗಂಗಾಧರ್ ಅದನ್ನೂ ಬರೆದುಕೊಳ್ಳತೊಡಗಿದರು. ನನಗೆ ತಾಳ್ಮೆ ತಪ್ಪಿತು. ಅವರ ಕೈಯಿಂದ ತಂತಿ ಕಸಿದುಕೊಂಡು, ಕಣ್ಣಿಗೆ ಮೊದಲು ಬಿದ್ದ ಕಬ್ಬಿಣಕ್ಕೆ ಸಿಕ್ಕಿಸಿದೆ. ಅದು ಮಂಚದ ತಲೆಯ ಕಡೆಯ ಸರಳು.

ಅಲೆ ಎದ್ದಿತು. ದೊಡ್ಡ, ಗುಂಡಗಿನ, ಆರೋಗ್ಯವಂತ ಅಲೆ. ರಬ್ಬರಿನ ಮೇಲೆ ನಿಂತ ಅಷ್ಟು ದೊಡ್ಡ ಕಬ್ಬಿಣ, ಸುತ್ತಲಿನ ಕರೆಂಟಿನ ಸೋಂಕನ್ನೆಲ್ಲ ಹಿಡಿದಿಟ್ಟುಕೊಂಡಿತ್ತು. ಇಷ್ಟು ಚಂದದ ಅಲೆ ಓಣಿಯ ಯಾವ ಮನುಷ್ಯನಿಗೂ ಬಂದಿರಲಿಲ್ಲ.

"ನೋಡ್ರಿ!" ಎಂದೆ. "ಮಂಚ! ಮಂಚಕ್ಕೆ ಹೃದಯ ಇರುತ್ತೇನ್ರಿ? ಈಗಲಾದ್ರೂ ತಿಳೀತಾ?"

ಎಲ್ಲರ ಕಣ್ಣು ಮಂಚದ ಮೇಲೆ. ನಿಧಾನವಾಗಿ ಎಲ್ಲರ ತಿಳಿವಳಿಕೆಗೂ ಏನೋ ಇಳಿಯುತ್ತಿತ್ತು. ನಾನು ಹೇಳಿದ್ದಂತೂ ಅಲ್ಲ.

"ಇದು ಅಪ್ಪನ ಮಂಚ," ಎಂದ ಮರುಳಪ್ಪ. ಬಗ್ಗಿ ಮಂಚದ ಕಾಲು ನೋಡಿದವನು ಹಾಗೇ ಕುಸಿದು ಕುಳಿತ. "ಮಂಚಕ್ಕೂ ಚಪ್ಪಲಿ ಅದಾವ ನೋಡ್ರಿ! ನಾಕು ಕಾಲಿಗೂ! ಅದಕ್ಕ ಅಪ್ಪನ ಜೀವ ಇಳದ್ ಹೋಗಿಲ್ಲ! ಇಲ್ಲೇ ಉಳದೈತಿ!"

"ಎಪ್ಪಾ, ದಾರಿ ಬಿಡ್ರೋ," ಎಂದು ಉಚ್ಚಂಗೆಮ್ಮ ಜನರನ್ನು ಸರಿಸಿಕೊಂಡು ಬಂದರು. ಪರದೆಯನ್ನು ಬಹಳ ಹೊತ್ತು ನೋಡಿದರು. ಹೊಸ್ತಿಲ ಹತ್ತಿರ ಹಿಂದೆ ಸರಿದು, ಕೆಂಪು ಪಟ್ಟಿಯ ಚಪ್ಪಲಿಗಳನ್ನು ಒಂದೊಂದಾಗಿ ಬಿಟ್ಟರು.

"ಅವ್ವಾ! ಚಪ್ಪಲಿ!" ಎಂದು ಮಗ ಚೀರಿದ. "ಜೀವ ಇಳದ್ ಹೋಗ್ತೈತಿ!"

"ಹೋದ್ರ ಹೋಗ್ಲಿ," ಎಂದರು ಅವರು. "ಅವ್ರ ಮುಂದ ನಾ ಯಾವತ್ತೂ ಚಪ್ಪಲಿ ಮೆಟ್ಟಿಲ್ಲ. ಈಗ ಮೆಟ್ಟಲೇನು?"

ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಡೆದು ಬಂದು ಮಂಚದ ಸರಳಿನ ಮೇಲೆ ಕೈ ಇಟ್ಟರು. ಅಲೆ ತಟ್ಟನೆ ಕುಗ್ಗಿ, ಗೆರೆ ತಣ್ಣಗೆ ಮಲಗಿತು. ಇದು ಏಕೆ ಹೀಗಾಗುತ್ತದೆ ಎಂದು ನಾನು ಸೋಮವಾರವೇ ವಿವರಿಸಿದ್ದೆ. ಮತ್ತೊಮ್ಮೆ ವಿವರಿಸಲು ಬಾಯಿ ತೆರೆದೆ.

"ಬದುಕಿದ್ದಾಗ್ಲೂ ಹಿಂಗ," ಎಂದರು ಉಚ್ಚಂಗೆಮ್ಮ. "ಮಂದಿ ಮುಂದ ಕುಣಿಯೋರು. ನಾ ಹತ್ರ ಬಂದ್ರ ಸುಮ್ಮನಾಗೋರು."

ನಾನು ಬಾಯಿ ಮುಚ್ಚಿದೆ. ಪುಷ್ಪಲತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಗಾಧರ್ ಅವರು ಟೋಪಿ ತೆಗೆಯಲು ತಲೆ ಮುಟ್ಟಿಕೊಂಡು, ಟೋಪಿ ಇಲ್ಲದ್ದು ನೆನಪಾಗಿ ಕೂದಲು ಸರಿಪಡಿಸಿಕೊಂಡರು. ಬಾಗಿಲ ಬಳಿ ಹೋಗಿ ಗೋಡೆಗೆ ಫೈಲು ಒತ್ತಿ ವರದಿ ಬರೆದು, ನನ್ನ ಕೈಗೊಂದು ಪ್ರತಿ ಕೊಟ್ಟರು. ಅದು ಇಂದಿಗೂ ನನ್ನಲ್ಲಿದೆ:

"ಸದರಿ ಯಂತ್ರವನ್ನು ಪರಿಶೀಲಿಸಲಾಗಿ, ಅದು ದಿವಂಗತ ವ್ಯಕ್ತಿಯೊಬ್ಬರಿಗೆ ಸಂಬಂಧಿಸಿದ್ದೆಂದು ಸ್ಥಳದಲ್ಲಿ ಕಂಡುಬಂದಿರುತ್ತದೆ. ಜೀವಂತ ರೋಗಿಗಳ ಹೊರತು ಉಳಿದವರ ವಿಷಯ ಈ ಇಲಾಖೆಯ ವ್ಯಾಪ್ತಿಗೆ ಬಾರದ ಕಾರಣ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ."

ಹೋಗುವಾಗ ಅವರು ಹಿತ್ತಲಲ್ಲಿ ನಿಂತು ನನ್ನ ಕಿವಿಯಲ್ಲಿ ಕೇಳಿದರು: "ಸರ್, ನಮ್ಮ ತಂದೀದು ಕಟ್ಟಿಗಿ ಮಂಚ. ಕಟ್ಟಿಗಿದಾದ್ರೂ ಬರ್ತೈತೇನ್ರಿ?"

ಯಂತ್ರ ಉಳಿಯಿತು ಎಂದು ನೀವು ಸಮಾಧಾನಪಡಬಹುದು. ಭಾಗ್ಯ ಪಡಲಿಲ್ಲ. ಮನೆಯ ಮುಂದೆ ಮಂದಿ ಸೇರಿದ್ದು ನಿಜ, ಆದೇಶ ಆದೇಶವೇ. ಮರುದಿನ ಮುರ್ತುಜಾಸಾಬರ ಗಾಡಿ ಬಂತು. ಸಾಬರು ಹಿತ್ತಲಿಗೆ ಬಂದು ನೋಡಿದರು. ಮಂಚಕ್ಕೆ ಸೇವಂತಿಗೆ ಮಾಲೆ. ಎದುರಿಗೆ ಚಾಪೆಯ ಮೇಲೆ ಉಚ್ಚಂಗೆಮ್ಮ. ಪರದೆಯ ಮೇಲೆ ಅಲೆ.

"ಇಲ್ಲಮ್ಮಾ," ಎಂದರು ಸಾಬರು ಭಾಗ್ಯಗೆ, ಗಡ್ಡ ನೀವಿಕೊಂಡು. "ನಲವತ್ ವರ್ಷದಿಂದ ಗುಜರಿ ಮಾಡೀನಿ. ಸತ್ತ ಸಾಮಾನು ಎಷ್ಟಿದ್ರೂ ಒಯ್ತೀನಿ. ಜೀವ ಇದ್ದದ್ದು ಒಯ್ಯಾಕ ಬರಂಗಿಲ್ಲ."

ಅವರು ಖಾಲಿ ಗಾಡಿ ತಳ್ಳಿಕೊಂಡು ಹೋದರು. ಯಂತ್ರ ಹೀಗೆ ಎರಡನೆಯ ಸಲವೂ ಉಳಿಯಿತು. ಯಾರಿಗೆ ಉಳಿಯಿತು ಎಂಬುದು ಬೇರೆ ಮಾತು.

ಈಗ ದಿನಾ ಸಂಜೆ ನಾಲ್ಕಕ್ಕೆ ಉಚ್ಚಂಗೆಮ್ಮ ಬರುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಯಂತ್ರದ ಗುಂಡಿ ತಾವೇ ಒತ್ತಿ, ಚಾಪೆಯ ಮೇಲೆ ಕೂರುತ್ತಾರೆ. ಸೊಸೆಯ ಮೇಲಿನ ದೂರುಗಳನ್ನು ಮೆಲ್ಲಗೆ ಮಂಚಕ್ಕೆ ಒಪ್ಪಿಸುತ್ತಾರೆ. ಅಲೆ ಕೇಳಿಸಿಕೊಳ್ಳುತ್ತದೆ. ಆರು ಗಂಟೆಗೆ ಸರಳು ಸವರಿ, ಗೆರೆ ಮಲಗಿದ ಮೇಲೆ ಎದ್ದು ಹೋಗುತ್ತಾರೆ. ಮಂಚದ ಮೇಲಿದ್ದ ನನ್ನ ಮೀಟರುಗಳನ್ನೂ ಬೆಸುಗೆ ಕಡ್ಡಿಯನ್ನೂ ಮರುಳಪ್ಪ ಭಕ್ತಿಯಿಂದ ಒಂದು ಬುಟ್ಟಿಗೆ ತುಂಬಿ ಅಡುಗೆಮನೆಯ ಮೂಲೆಗೆ ಇಟ್ಟಿದ್ದಾನೆ.

ಮೊನ್ನೆ ನಾಲ್ಕೂವರೆಗೆ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಮಂಚದ ದರ್ಶನಕ್ಕೆಂದು ಹಿತ್ತಲಲ್ಲಿ ಕಾಯುತ್ತಿದ್ದ ಹೆಂಗಸರು ಹೋ ಎಂದರು. ಮರುಳಪ್ಪ "ಅಪ್ಪಾ!" ಎನ್ನುತ್ತ ಅಂಗಡಿ ಬಿಟ್ಟು ಓಡಿ ಬಂದ. ಈ ಮುದುಕಿಗೆ ಇನ್ನೊಂದು ಸಲ ವಿಧವೆಯಾಗುವ ಕಷ್ಟ ಕೊಟ್ಟವನು ನಾನಾಗುತ್ತೇನಲ್ಲ!

ಉಚ್ಚಂಗೆಮ್ಮ ಕೂತಲ್ಲಿಂದ ಕದಲಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಗದರಿದರು.

"ಮಲಗ್ಯಾರ. ಗದ್ಲ ಮಾಡಬ್ಯಾಡ್ರಿ."

ಓಣಿ ಸ್ತಬ್ಧವಾಯಿತು. ಮರುಳಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಹಿಂದೆ ಹೋದ. ಯಾರದೋ ಮನೆಯ ನಾಯಿಯನ್ನು ಕೂಡ ಯಾರೋ ಒಳಗೆ ಕಟ್ಟಿದರು. ಹದಿನಾಲ್ಕು ವರ್ಷದಿಂದ ನಾನು ಹುಡುಕುತ್ತಿದ್ದ ನಿಶ್ಶಬ್ದ ಇಡೀ ಓಣಿಯ ಮೇಲೆ ಹಾಸಿಕೊಂಡಿತ್ತು. ಅದರೊಳಗೆ ನನಗೆ ಮಾತ್ರ ಕೂರಲು ಜಾಗವಿರಲಿಲ್ಲ. ಸದ್ದಾಗದಂತೆ ನಡೆದು ಅಡುಗೆಮನೆಗೆ ಹೋಗಿ ಬುಟ್ಟಿಯ ಪಕ್ಕ ನೆಲದ ಮೇಲೆ ಕುಳಿತೆ.

ಭಾಗ್ಯ ಒಳಕಲ್ಲು ನಿಲ್ಲಿಸಿ ನನ್ನನ್ನು ನೋಡಿದಳು. ಸದ್ದು ಮಾಡುವಂತಿರಲಿಲ್ಲವಲ್ಲ, ಬಗ್ಗಿ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

"ಹೆಂಗೂ ಕೈ ಖಾಲಿ ಐತಿ. ಮಿಕ್ಸಿ ನೋಡ್ತೀರೇನು?"

ನಾನು ಸುಮ್ಮನಿದ್ದೆ.

ಅವಳು ಮಿಕ್ಸಿ ತಂದು ನನ್ನ ಮುಂದೆ ಇಟ್ಟಳು.